ಏಳು ವರ್ಷ ಸವೆಯದ ಡಿಸ್ಕು

ಆಟಿ ತಿಂಗಳಿನಲ್ಲಿ ನಮ್ಮ ಕಾರು ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ತುಳುವರ ಲೆಕ್ಕದಲ್ಲಿ ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಪುರುಸೊತ್ತು ಕೊಡದೆ ಹೊಡೆಯುವ ತಿಂಗಳು. ಮದುವೆ, ಗೃಹಪ್ರವೇಶ ಯಾವುದನ್ನೂ ಯಾರೂ ಇಟ್ಟುಕೊಳ್ಳುವುದಿಲ್ಲ. ಆ ಪಟ್ಟಿಗೆ ನಾನು ಕಾರನ್ನೂ ಸೇರಿಸಿದ್ದೇನೆ. ನಾಲ್ಕು ಚಕ್ರಗಳನ್ನೂ ಬಿಚ್ಚಿ, ಕಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಕ್ರಮದಲ್ಲಿ ಒಂದೊಂದೇ ಕೆಲಸ ಮುಗಿಸುತ್ತೇನೆ. ಮೊದಲ ಸೋಮವಾರ ಎಣ್ಣೆ. ಎರಡನೆಯ ಸೋಮವಾರ ಬ್ರೇಕು.

ಬ್ರೇಕಿನ ದಿನ ಮುಖ್ಯ ಕೆಲಸ ಅಳತೆ. ಮುಂದಿನ ಎರಡು ಚಕ್ರಗಳ ಒಳಗೆ ಬೀಡುಕಬ್ಬಿಣದ ಎರಡು ತಟ್ಟೆಗಳಿವೆ, ಅವೇ ಡಿಸ್ಕುಗಳು. ಪೆಡಲ್ ಒತ್ತಿದಾಗ ಎರಡು ಪ್ಯಾಡುಗಳು ಆ ತಟ್ಟೆಯನ್ನು ಎರಡೂ ಬದಿಯಿಂದ ಹಿಂಡಿ ಹಿಡಿಯುತ್ತವೆ, ಕಾರು ನಿಲ್ಲುತ್ತದೆ. ಹಾಗೆ ಹಿಡಿಸಿಕೊಂಡಾಗಲೆಲ್ಲ ತಟ್ಟೆ ಅಷ್ಟಷ್ಟೇ ಸವೆಯುತ್ತದೆ. ಹೊಸ ಡಿಸ್ಕಿನ ದಪ್ಪ ಒಂಬತ್ತೂವರೆ ಮಿಲಿಮೀಟರ್. ಎಂಟೂವರೆಗೆ ಇಳಿದರೆ ಬದಲಾಯಿಸಲೇಬೇಕು ಎಂದು ಕಾರಿನ ಕೈಪಿಡಿಯಲ್ಲಿದೆ. ನಾನು ವರ್ನಿಯರ್ ಎಂಬ ಎರಡು ದವಡೆಯ ಅಳತೆಗೋಲು ಹಿಡಿದು ಒಂದೊಂದು ಡಿಸ್ಕನ್ನೂ ಮೂರು ಕಡೆ ಅಳೆದು ಬರೆಯುತ್ತೇನೆ. ಏಳು ಆಟಿಗಳ ಏಳು ಪುಟಗಳಲ್ಲಿ ಒಂದೇ ಅಂಕಿ ಇತ್ತು: ಒಂಬತ್ತು ಪಾಯಿಂಟ್ ಎರಡು. ನಾನು ಗೇರಿನಲ್ಲಿ ವೇಗ ಇಳಿಸಿ, ಬ್ರೇಕನ್ನು ಹಿತವಾಗಿ ಮುಟ್ಟಿ ಓಡಿಸುವವನು. ಆದ್ದರಿಂದ ಡಿಸ್ಕು ಸವೆಯುತ್ತಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಬಂದವರಿಗೆ ಆ ಪುಟಗಳನ್ನು ತೋರಿಸಿದ್ದೂ ಉಂಟು.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದು ಅರುವತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚಿಡಬಹುದಾದ ಕ್ಯಾನ್ವಾಸ್ ಛಾವಣಿ, ನೆಲಕ್ಕೆ ಎಷ್ಟು ಹತ್ತಿರವೆಂದರೆ ಪಕ್ಕದಲ್ಲಿ ಆಟೋರಿಕ್ಷಾ ನಿಂತರೆ ಅದರ ಡ್ರೈವರನ್ನು ತಲೆಯೆತ್ತಿ ನೋಡಬೇಕು. ಮಂಗಳೂರಿನ ವೈದ್ಯರೊಬ್ಬರ ಗ್ಯಾರೇಜಿನಲ್ಲಿ ಅದು ನನಗೆ ಸಿಕ್ಕಿದಾಗ ಡ್ರೈವರ್ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಜೊತೆಗೆ ಒಂದು ಕಬ್ಬಿಣದ ಪೆಟ್ಟಿಗೆಯ ತುಂಬ ಬಿಡಿಭಾಗಗಳೂ ಸಿಕ್ಕವು. ಮಂಜೇಶ್ವರದಲ್ಲಿ ರೈಲ್ವೆ ಹಳಿಯ ಪಶ್ಚಿಮಕ್ಕೆ ನಮ್ಮ ಮನೆ. ಕಡಲಿನ ಗಾಳಿ ನೇರ ಬರುತ್ತದೆ. ಕಬ್ಬಿಣ ಎಂಬುದು ಇಲ್ಲಿ ಒಂದು ವಾರ ಗಮನ ತಪ್ಪಿದರೆ ಕೆಂಪಾಗುವ ವಸ್ತು. ಹಾಗಾಗಿ ಆ ಕಾರು ಬದುಕಿರುವುದೇ ದಿನಚರಿಯಿಂದ ಎಂದು ನಾನು ನಂಬಿದ್ದೇನೆ, ಈಗಲೂ ನಂಬುತ್ತೇನೆ.

ದಿನಚರಿ ನನಗೆ ವಾಯುಪಡೆಯಲ್ಲಿ ಬಂದದ್ದು. ಇಪ್ಪತ್ತು ವರ್ಷ ನಾನು ವಿಮಾನಗಳ ಹ್ಯಾಂಗರಿನ ಪಕ್ಕದ ಒಂದು ತಂಪು ಕೋಣೆಯಲ್ಲಿ ಕೆಲಸ ಮಾಡಿದೆ. ಅಲ್ಲಿ ಇದ್ದದ್ದು ಅಳತೆಯ ಉಪಕರಣಗಳು: ವರ್ನಿಯರ್, ಮೈಕ್ರೋಮೀಟರ್, ಗೇಜುಗಳು. ಪ್ರತಿಯೊಂದೂ ಸರಿಯಾಗಿ ಅಳೆಯುತ್ತದೆಯೇ ಎಂದು ಪರೀಕ್ಷಿಸಿ, ಚೀಟಿ ಅಂಟಿಸಿ, ಮೆಕ್ಯಾನಿಕ್ಕುಗಳ ಕೈಗೆ ಕೊಡುವುದು ನನ್ನ ಕೆಲಸ. ಅವರು ಅದನ್ನು ಹೊರಗೆ ಒಯ್ದು ಯಾವುದನ್ನು ಅಳೆಯುತ್ತಾರೆ, ಹೇಗೆ ಹಿಡಿಯುತ್ತಾರೆ ಎಂಬುದು ಬೇರೆಯವರ ಜವಾಬ್ದಾರಿ. ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನನ್ನ ತಪ್ಪು ಹುಟ್ಟಿದ್ದು ಆ ತಂಪು ಕೋಣೆಯಲ್ಲಿ.

ಇನ್ನು ನನ್ನ ಹೆಂಡತಿ. ಅವಳು ಕನ್ನಡ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತಿಯಾದವಳು. ಮನೆಯಲ್ಲಿ ನಮ್ಮದು ತುಳು. ಸಿಟ್ಟು ಬಂದರೆ ಮಾತ್ರ ಅವಳು ಕನ್ನಡಕ್ಕೆ ದಾಟುತ್ತಾಳೆ. ಆಗ ನಾನು ಎರಡನೆಯ ಬೆಂಚಿನ ಹುಡುಗನಾಗುತ್ತೇನೆ. ಅವಳ ಅಕ್ಕನ ಮನೆ ಪೆರ್ಲದಿಂದ ಒಳಗೆ, ಒಂದು ಗುಡ್ಡದ ನೆತ್ತಿಯಲ್ಲಿ. ಆಟಿ ಬಿಟ್ಟರೆ ತಿಂಗಳ ಮೊದಲ ಭಾನುವಾರ ನಾವಿಬ್ಬರೂ ಕಾರಿನಲ್ಲಿ ಅಲ್ಲಿಗೆ ಹೋಗಿ ಊಟ ಮಾಡಿ ಬರುವುದು ಕ್ರಮ. ಹೋಗುವಾಗ ಏರು, ಬರುವಾಗ ಇಳಿಜಾರು. ಆ ಇಳಿಜಾರು ಗೇರು ತೋಟದ ನಡುವೆ ಒಂದೂವರೆ ಕಿಲೋಮೀಟರ್ ಬಿಡದೆ ಇಳಿದು, ಕೊನೆಗೆ ಒಂದು ತಿರುವು ತೆಗೆದುಕೊಂಡು, ಕಿರುಸೇತುವೆ ದಾಟಿ ಬಸ್‌ಸ್ಟ್ಯಾಂಡಿನ ಎದುರಿಗೆ ಬಂದು ನಿಲ್ಲುತ್ತದೆ. ಬಸ್‌ಸ್ಟ್ಯಾಂಡ್ ಎಂದರೆ ಮೂರು ಗೋಡೆ, ಒಂದು ಸಿಮೆಂಟಿನ ಬೆಂಚು. ಯಾವಾಗ ನೋಡಿದರೂ ಅದರಲ್ಲಿ ನಾಲ್ಕೈದು ಜನ ಇರುತ್ತಾರೆ.

ಕಳೆದ ವರ್ಷ ಆಟಿ ಹಿಡಿಯುವ ಮೊದಲಿನ ಅಂಥ ಒಂದು ಭಾನುವಾರ ನಾವು ಆ ಇಳಿಜಾರು ಇಳಿಯುತ್ತಿದ್ದೆವು. ಸಣ್ಣ ಮಳೆ. ಅವಳು ಎಂದಿನಂತೆ ಚಪ್ಪಲಿ ಬಿಚ್ಚಿ, ಒಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು, ಬಲಗಾಲನ್ನು ನೆಲಕ್ಕೆ ಒತ್ತಿಕೊಂಡು ಕುಳಿತಿದ್ದಳು. ಇಳಿಜಾರು ಬಂದಾಗಲೆಲ್ಲ ಅವಳ ಬಲಗಾಲು ಹಾಗೆ ಒತ್ತುತ್ತದೆ. ಅವಳ ಕಡೆಯೂ ಒಂದು ಬ್ರೇಕ್ ಪೆಡಲ್ ಇದೆಯೋ ಎಂಬಂತೆ. ಅದನ್ನು ನಾನು ವರ್ಷಗಳಿಂದ ತಮಾಷೆ ಮಾಡುತ್ತ ಬಂದಿದ್ದೆ.

"ನಡುಗ್ತದೆ," ಎಂದಳು. ಕನ್ನಡದಲ್ಲಿ.

"ಎಂತ ನಡುಗುದು?"

"ನೀವು ಬ್ರೇಕ್ ಹಾಕುವಾಗ ನೆಲ ನಡುಗ್ತದೆ. ನನ್ನ ಪಾದಕ್ಕೆ ಗೊತ್ತಾಗ್ತದೆ. ಹೋದ ತಿಂಗಳೂ ಇತ್ತು, ಇವತ್ತು ಹೆಚ್ಚುಂಟು."

"ಹಳೆ ಕಾರು. ನಿಂತಲ್ಲೇ ನಡುಗುವ ಕಾರು ಅದು."

"ನಿಂತಲ್ಲಿ ನಡುಗುದು ಬೇರೆ, ನಿಲ್ಲಿಕ್ಕೆ ಹೇಳುವಾಗ ನಡುಗುದು ಬೇರೆ. ನಲುವತ್ತು ಮಕ್ಕಳನ್ನು ಮೂವತ್ತು ವರ್ಷ ನೋಡಿದವಳು ನಾನು. ಚಳಿಗೆ ನಡುಗುವವ ಯಾರು, ಸುಳ್ಳು ಹೇಳ್ತಾ ನಡುಗುವವ ಯಾರು ಅಂತ ನನಗೆ ಗೊತ್ತಾಗ್ತದೆ."

ನನ್ನ ಕಾಲಿಗೆ ಏನೂ ಗೊತ್ತಾಗಲಿಲ್ಲ. ನಾನು ಕಾರು ಓಡಿಸುವಾಗ ದಪ್ಪ ಅಟ್ಟೆಯ ಕಪ್ಪು ಬೂಟು ಹಾಕುತ್ತೇನೆ, ಅದೂ ಕ್ರಮವೇ. ಮನೆಗೆ ಬಂದವನೇ ನೋಟ್‌ಬುಕ್ಕು ತಂದು ಏಳು ಪುಟಗಳನ್ನೂ ಅವಳ ಎದುರು ಬಿಡಿಸಿಟ್ಟೆ. ಅವಳು ಕನ್ನಡಕ ಹಾಕಿಕೊಂಡು, ತಾಳ್ಮೆಯಿಂದ, ತಪ್ಪು ಹುಡುಕುವ ಕಣ್ಣಿನಿಂದಲೇ ಓದಿದಳು.

"ಎಲ್ಲ ವರ್ಷವೂ ಒಂದೇ ಉತ್ತರ," ಎಂದಳು. "ನನ್ನ ಕ್ಲಾಸಲ್ಲಿ ಹೀಗೆ ಬರೆದಿದ್ದರೆ ಪಕ್ಕದವನದ್ದು ಕಾಪಿ ಹೊಡೆದದ್ದು ಅಂತ ಹೇಳ್ತಿದ್ದೆ."

"ಅಳತೆ ಮಾಡಿದ್ದು ಮಾರಾಯ್ತಿ. ಒಂದೊಂದು ಸಲವೂ ಅಳತೆ ಮಾಡಿದ್ದು."

"ಆಯ್ತು. ಹಾಗಾದರೆ ಇನ್ನು ಮೇಲೆ ಎಡ ಸೀಟಿನಲ್ಲಿ ಆ ಪುಸ್ತಕವನ್ನೇ ಕೂರಿಸಿಕೊಂಡು ಹೋಗಿ. ನಾನು ಬಸ್ಸಿನಲ್ಲಿ ಬರ್ತೇನೆ."

ಅವಳು ತಮಾಷೆ ಮಾಡಿದ್ದಲ್ಲ. ಪಕ್ಕದ ಮನೆಯವರ ಹತ್ತಿರ ಪೆರ್ಲದ ಬಸ್ಸಿನ ಸಮಯ ಕೇಳಿ, ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಳು. ಆ ಕ್ಯಾಲೆಂಡರ್ ಊಟದ ಮೇಜಿನ ಎದುರಿಗೇ ಇದೆ. ಆಟಿಯುದ್ದಕ್ಕೂ ಮೂರು ಹೊತ್ತು ಆ ಬಸ್ಸಿನ ಸಮಯ ನೋಡುತ್ತ ಊಟ ಮಾಡಿದೆ. ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು. ಅದರಲ್ಲಿ ಒಂದು ಖಾಲಿಯಾದರೆ ಅರ್ಧ ಕಾರೇ ಹೋದ ಹಾಗೆ. ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸುವ ಯೋಚನೆ ನನಗೆ ಬರಲಿಲ್ಲ. ಒಬ್ಬನೇ ಓಡಿಸುವ ಯೋಚನೆಯೂ ಬರಲಿಲ್ಲ.

ಎರಡನೆಯ ಸೋಮವಾರ ಬಂತು. ಅಳೆದೆ. ಒಂಬತ್ತು ಪಾಯಿಂಟ್ ಎರಡು. ಎಂಟನೆಯ ಸಲ. ಆಮೇಲೆ ಅವಳ ಮಾತನ್ನು ಸುಳ್ಳು ಮಾಡುವುದಕ್ಕೆಂದೇ ಬೇರೆ ಎಲ್ಲವನ್ನೂ ನೋಡಿದೆ. ಚಕ್ರದ ಬೇರಿಂಗು ಸರಿಯಿತ್ತು. ಟಯರುಗಳಲ್ಲಿ ಉಬ್ಬು ಇರಲಿಲ್ಲ. ಬೋಲ್ಟುಗಳು ಬಿಗಿ. ಉಳಿದದ್ದು ಒಂದೇ ಅನುಮಾನ: ಡಿಸ್ಕು ದಪ್ಪವಿದ್ದೂ ಸ್ವಲ್ಪ ಸೊಟ್ಟಗಾಗಿರಬಹುದು. ಅದನ್ನು ಕಬ್ಬಿಣ ಕಡೆಯುವ ಲೇತ್ ಯಂತ್ರಕ್ಕೆ ಕಟ್ಟಿ ತಿರುಗಿಸಿ ನೋಡಬೇಕು. ಸೊಟ್ಟ ಇಲ್ಲವೆಂದು ಲೇತಿನವರು ಹೇಳಿದರೆ ಅವಳ ಪಾದಕ್ಕೆ ಉತ್ತರ ಸಿಕ್ಕಿದ ಹಾಗೆ ಆಯಿತು ಎಂದುಕೊಂಡೆ.

ಎರಡೂ ಡಿಸ್ಕುಗಳನ್ನು ಬಿಚ್ಚಿ, ಗೋಣಿಚೀಲದಲ್ಲಿ ಹಾಕಿಕೊಂಡು, ಕೊಡೆ ಹಿಡಿದು ಉಪ್ಪಳದ ಬಸ್ಸು ಹತ್ತಿದೆ. ಚೀಲ ಕೆಳಗಿಟ್ಟಾಗ ಠಣ್ಣೆಂದಿತು. ಕಂಡಕ್ಟರ್ ಬಗ್ಗಿ ನೋಡಿದ.

"ಎಂತ ಅಜ್ಜ, ದೋಸೆಕಲ್ಲಾ? ಹೋಟೆಲ್ ಇಡ್ತೀರಾ?"

"ಬ್ರೇಕಿನ ಡಿಸ್ಕು."

"ಅಯ್ಯೋ, ನಮ್ಮ ಬಸ್ಸಿಗೆ ಹಾಕಿ ಮಾರಾಯ್ರೆ, ಪುಣ್ಯ ಬರ್ತದೆ!" ಎಂದ. ಮುಂದಿನ ಸೀಟಿನವರು ನಕ್ಕರು. ಡ್ರೈವರ್ ಮಾತ್ರ ನಗಲಿಲ್ಲ.

ಉಪ್ಪಳದಲ್ಲಿ ಲೇತ್ ಅಂಗಡಿ ಇಟ್ಟುಕೊಂಡವರು ಒಬ್ಬ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಬಹಳ ವರ್ಷ ಗಲ್ಫಿನಲ್ಲಿ ಗ್ಯಾರೇಜಿನಲ್ಲಿದ್ದು ಮರಳಿದವರು. ಊರಿನವರೆಲ್ಲ ಅವರನ್ನು ಕಾಕ ಎನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವರಾದರೂ ನಾನೂ ಹಾಗೇ ಕರೆಯುತ್ತೇನೆ. ಮೊದಲು ವಿಷಯ ಹೇಳಿದೆ: ಬ್ರೇಕು ಹಾಕಿದರೆ ನಡುಗುತ್ತದಂತೆ, ದಪ್ಪ ಸರಿ ಇದೆ, ಏಳು ವರ್ಷದಿಂದ ಸವೆದಿಲ್ಲ, ಸೊಟ್ಟ ಇದೆಯೇ ಎಂದು ಮಾತ್ರ ನೋಡಿಕೊಡಬೇಕು.

"ಏಳು ವರ್ಷದಿಂದ ಸವೆದಿಲ್ಲವಾ?" ಎಂದರು ಕಾಕ. "ಹಾಗಾದರೆ ನಿಮ್ಮ ಕಾರು ನಿಲ್ಲುದೇ ಇಲ್ಲವಾ ಸರ್?"

ನಾನು ನೋಟ್‌ಬುಕ್ಕು ತೆಗೆಯಲು ಹೊರಟೆ. ಅವರು ಅದರ ಕಡೆ ನೋಡಲಿಲ್ಲ. ಡಿಸ್ಕನ್ನು ಬೆಳಕಿಗೆ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದನ್ನು ಚಿವುಟುವ ಹಾಗೆ ಹಿಡಿದು, ನಡುವಿನಿಂದ ಹೊರಗೆ ಎಳೆದರು. ಅಂಚಿನ ಹತ್ತಿರ ಬೆರಳುಗಳು ತಡೆದು ನಿಂತವು.

"ನಿಮ್ಮ ಕೈ ಕೊಡಿ," ಎಂದರು. "ಹೀಗೆ ಎಳೆಯಿರಿ."

ಎಳೆದೆ. ನನ್ನ ಬೆರಳುಗಳೂ ಅಲ್ಲೇ ತಡೆದವು. ಹೊರ ಅಂಚಿನಲ್ಲಿ, ಸುತ್ತಲೂ, ಎರಡೂ ಮುಖಗಳಲ್ಲಿ ಒಂದು ಸಣ್ಣ ದಂಡೆ ಎದ್ದು ನಿಂತಿತ್ತು. ತುಕ್ಕು ಹಿಡಿದ, ಒರಟಾದ ದಂಡೆ.

"ಪ್ಯಾಡ್ ಮುಟ್ಟುದು ಇಲ್ಲಿವರೆಗೆ. ಈ ಕಟ್ಟೆಯನ್ನು ಅದು ಮುಟ್ಟುದೇ ಇಲ್ಲ. ಹಾಗಾಗಿ ಕಟ್ಟೆ ತುಕ್ಕಿಗೆ ಕೂದಲೆಳೆಯಷ್ಟು ಹೋದರೂ ಹಾಗೇ ಉಳೀತದೆ, ಒಳಗೆ ಗದ್ದೆ ತಗ್ಗಾಗ್ತಾ ಹೋಗ್ತದೆ. ನೀವು ಅಳತೆ ಎಲ್ಲಿ ಮಾಡಿದ್ದು ಸರ್?"

ನಾನು ಜೇಬಿನಿಂದ ನನ್ನ ವರ್ನಿಯರ್ ತೆಗೆದು ಡಿಸ್ಕಿನ ಅಂಚಿಗೆ ಹಿಡಿದೆ. ವರ್ನಿಯರಿನ ಎರಡು ದವಡೆಗಳು ನೇರವಾದವು. ಡಿಸ್ಕನ್ನು ಹೊರಗಿನಿಂದ ಹಿಡಿದರೆ ಅವು ಮೊದಲು ಕೂರುವುದು ಆ ಎರಡು ದಂಡೆಗಳ ಮೇಲೆ. ಒಳಗಿನ ತಗ್ಗನ್ನು ಅವು ಮುಟ್ಟುವುದೇ ಇಲ್ಲ. ಏಳು ವರ್ಷ ನಾನು ಅಳೆದದ್ದು ಪ್ಯಾಡು ಎಂದೂ ಮುಟ್ಟದ ಅಂಚನ್ನು. ಅದೂ ಅತ್ಯಂತ ಸರಿಯಾದ ಉಪಕರಣದಿಂದ, ನೂರನೇ ಒಂದು ಭಾಗದಷ್ಟೂ ತಪ್ಪಿಲ್ಲದೆ.

ಕಾಕ ಅಷ್ಟಕ್ಕೇ ಬಿಡಲಿಲ್ಲ. ಜೇಬಿನಿಂದ ಎರಡು ಒಂದು ರೂಪಾಯಿ ನಾಣ್ಯಗಳನ್ನು ತೆಗೆದರು. "ನಿಮ್ಮದೇ ವರ್ನಿಯರ್ ಕೊಡಿ. ಮತ್ತೆ ನನ್ನದು ಸರಿ ಇಲ್ಲ ಅಂತ ಬೇಡ." ಎರಡು ನಾಣ್ಯಗಳನ್ನೂ ಜೋಡಿಸಿ ಮೊದಲು ಅವನ್ನೇ ಅಳೆದರು: ಮೂರು ಮಿಲಿಮೀಟರ್. ಆಮೇಲೆ ಡಿಸ್ಕಿನ ತಗ್ಗಿನ ಮೇಲೆ ಆ ಬದಿ ಒಂದು ನಾಣ್ಯ, ಈ ಬದಿ ಒಂದು ನಾಣ್ಯ ಇಟ್ಟು, ಮೂರನ್ನೂ ಸೇರಿಸಿ ವರ್ನಿಯರಿನಲ್ಲಿ ಹಿಡಿದು ನನ್ನ ಕಡೆ ತಿರುಗಿಸಿದರು.

"ಓದಿ."

"ಹನ್ನೊಂದು ಪಾಯಿಂಟ್ ಒಂದು."

"ಮೂರು ಕಳೆಯಿರಿ."

ಎಂಟು ಪಾಯಿಂಟ್ ಒಂದು. ಎಂಟೂವರೆ ಎಂಬ ಗೆರೆ ಯಾವ ಕಾಲಕ್ಕೋ ದಾಟಿ ಹೋಗಿತ್ತು. ನಾಣ್ಯಗಳನ್ನು ಸ್ವಲ್ಪ ಸರಿಸಿ ಮತ್ತೊಂದು ಕಡೆ ಹಿಡಿದರು: ಏಳು ಪಾಯಿಂಟ್ ಒಂಬತ್ತು. ಮತ್ತೊಂದು ಕಡೆ: ಎಂಟು ಪಾಯಿಂಟ್ ಎರಡು. ಒಂದೇ ತಟ್ಟೆ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಇನ್ನೊಂದು ಡಿಸ್ಕಿನದ್ದೂ ಅದೇ ಕಥೆ.

"ನಡುಗದೆ ಎಂತ ಮಾಡ್ತದೆ ಪಾಪ," ಎಂದರು ಕಾಕ. "ಯಾರು ಕಂಡು ಹಿಡಿದದ್ದು?"

"ನನ್ನ ಹೆಂಡತಿ."

"ಅವರು ಮೆಕ್ಯಾನಿಕ್ಕಾ?"

"ಕನ್ನಡ ಟೀಚರ್."

"ಹಾಗಾದರೆ ಅವರ ಹತ್ತಿರವೇ ಕಲೀರಿ ಸರ್," ಎಂದು ಅವರು ಗಟ್ಟಿಯಾಗಿ ನಕ್ಕರು. ನನಗೂ ನಗು ಬಂತು, ಆದರೆ ಅರ್ಧದಲ್ಲಿ ನಿಂತಿತು. ಗೇರು ತೋಟದ ಇಳಿಜಾರು, ಕೊನೆಯ ತಿರುವು, ಸಿಮೆಂಟಿನ ಬೆಂಚಿನ ಮೇಲೆ ಕುಳಿತ ಜನ ಕಣ್ಣೆದುರು ಬಂದರು. ಎಡಗಡೆಯ ಸೀಟಿನಲ್ಲಿ ನೆಲಕ್ಕೆ ಒತ್ತಿದ ಒಂದು ಬರಿಗಾಲು. ಎಷ್ಟು ಭಾನುವಾರ ಹಾಗೆ ಇಳಿದೆವು ಎಂದು ಲೆಕ್ಕ ಹಾಕಲು ಹೊರಟು, ಬೇಡವೆಂದು ನಿಲ್ಲಿಸಿದೆ. ಏನೂ ಆಗಲಿಲ್ಲ. ಅಂಗಡಿಯ ಮರದ ಸ್ಟೂಲಿನ ಮೇಲೆ ಕುಳಿತು ‘ಏನೂ ಆಗಲಿಲ್ಲ’ ಎಂಬ ಆ ಎರಡು ಪದಗಳನ್ನೇ ಹಲವು ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ಕಾಕ ಕೇಳದೆಯೇ ಚಹಾ ತರಿಸಿದರು.

ಚಹಾ ಕುಡಿದ ಮೇಲೆ ಒಂದು ದುರ್ಬಲ ಪ್ರಶ್ನೆ ಕೇಳಿದ್ದನ್ನೂ ಬರೆಯಬೇಕು. "ಲೇತಿಗೆ ಹಾಕಿ ಸಮ ಮಾಡಿದರೆ ಸ್ವಲ್ಪ ಕಾಲ ನಡೆಯುವುದಿಲ್ಲವೇ?" ಎಂದು ಕೇಳಿದೆ. ಮೂಲ ಡಿಸ್ಕುಗಳ ಮೇಲೆ ನನಗಿದ್ದ ಮಮತೆ ಅಷ್ಟು ಬೇಗ ಸಾಯಲಿಲ್ಲ.

"ಮಾಡಿ ಕೊಡ್ತೇನೆ, ಅದಕ್ಕೆಂತ," ಎಂದರು. "ನೋಡ್ಲಿಕ್ಕೆ ಕನ್ನಡಿಯ ಹಾಗೆ ಆಗ್ತದೆ, ನಡುಕವೂ ಹೋಗ್ತದೆ. ಆದರೆ ಇನ್ನೂ ತೆಳು ಆಗ್ತದಲ್ಲ. ಬಿಸಿಯಾದರೆ ಯಾವ ಹೊತ್ತಿಗೆ ಬಿರುಕು ಬಿಡ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಾನಂತೂ ಆ ಕಾರಲ್ಲಿ ಕೂತ್ಕೊಳ್ಳುದಿಲ್ಲ."

ಮನೆಯಲ್ಲಿ ಒಬ್ಬಳು ಹೇಳಿದ್ದನ್ನೇ ಇವರೂ ಹೇಳಿದರು. ಅಲ್ಲಿಗೆ ತೀರ್ಮಾನವಾಯಿತು.

ಒಂದು ಕೆಲಸ ಮಾತ್ರ ಅಲ್ಲೇ ಮಾಡಿಸಿದೆ. ವಾಯುಪಡೆಯಲ್ಲಿ ಕಾಲ ಮುಗಿದ ಭಾಗವನ್ನು ಹಾಗೇ ಕಪಾಟಿನಲ್ಲಿ ಇಡುವಂತಿಲ್ಲ. ಯಾರಾದರೂ ಮರೆತು ಮತ್ತೆ ಹಾಕದ ಹಾಗೆ ಅದನ್ನು ಕೆಡಿಸಿಯೇ ಇಡಬೇಕು. ಎರಡೂ ಡಿಸ್ಕುಗಳ ಅಂಚಿಗೆ ಗರಗಸದಿಂದ ಒಂದೊಂದು ಕಚ್ಚು ಹಾಕಲು ಹೇಳಿದೆ. ಇನ್ನು ನಾನೇ ಮನಸ್ಸು ಬದಲಾಯಿಸಿದರೂ ಅವು ಕಾರಿಗೆ ಮರಳುವಂತಿರಲಿಲ್ಲ.

ಮನೆಗೆ ಬಂದಾಗ ಅವಳು ಜಗಲಿಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಕೊಡೆ ಮಡಚುವ ಮೊದಲೇ ಹೇಳಿಬಿಟ್ಟೆ. ತಡ ಮಾಡಿದರೆ ಮಾತು ಮೆತ್ತಗಾಗುತ್ತದೆ ಎಂದು ನನಗೆ ಗೊತ್ತಿತ್ತು.

"ನೀನು ಹೇಳಿದ್ದು ಸರಿ. ನಾನು ಅಳೆದ ಜಾಗವೇ ತಪ್ಪು. ಡಿಸ್ಕು ಮುಗಿದು ಎಷ್ಟೋ ಕಾಲ ಆಗಿದೆ."

ಅವಳ ಕೈ ಸೊಪ್ಪಿನಲ್ಲಿ ನಿಂತಿತು. ಗೆದ್ದ ಖುಷಿ ಏನೂ ಮುಖದಲ್ಲಿ ಕಾಣಲಿಲ್ಲ. ಅವಳೂ ಆ ಇಳಿಜಾರನ್ನೇ ನೆನೆಸಿಕೊಂಡಿರಬೇಕು.

"ಮುಗಿದದ್ದು ಅಂದರೆ... ಬ್ರೇಕ್ ಹಿಡೀಲಿಕ್ಕಿಲ್ಲ ಅಂತಲಾ?"

"ಹಿಡಿಯುತ್ತಿತ್ತು. ಎಲ್ಲಿಯವರೆಗೆ ಎಂದು ಹೇಳಲಿಕ್ಕೆ ಬರುವುದಿಲ್ಲ."

ನಾನು ಕೊಡೆ ಮಡಚಿ ಗೋಡೆಗೆ ಒರಗಿಸಿದೆ. ಆಮೇಲೆ ಅವಳು ತುಳುವಿಗೆ ಮರಳಿದಳು. ನನಗೆ ಉಸಿರು ಬಂತು. ಆ ಇಂಗ್ಲೆಂಡಿನ ಹಳೆಯ ಕಾರಿಗೆ ಹೊಸ ಡಿಸ್ಕು ಎಲ್ಲಿಂದ ತರಿಸುತ್ತೀರಿ, ಬರುವಾಗ ದೀಪಾವಳಿ ಆಗುವುದಿಲ್ಲವೇ ಎಂದು ಕೇಳಿದಳು.

"ಇದೆ," ಎಂದೆ.

"ಎಲ್ಲಿ?"

"ಪೆಟ್ಟಿಗೆಯಲ್ಲಿ. ಒಂದು ಜೊತೆ, ಹೊಸದು. ಕಾರಿನ ಜೊತೆಗೇ ಬಂದದ್ದು."

ಅವಳು ಕನ್ನಡಕ ತೆಗೆದಳು. ಭಾಷೆ ಮತ್ತೆ ಬದಲಾಯಿತು.

"ಎಲ್ಲ ಆಟಿಯಲ್ಲೂ ಗ್ರೀಸ್ ಹಚ್ಚಿ, ಎಣ್ಣೆ ಕಾಗದ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸ್ತೀರಲ್ಲ, ಅದುವಾ?"

"ಅದೇ."

"ಅಷ್ಟು ವರ್ಷದಿಂದ ಮನೆಯಲ್ಲೇ ಇತ್ತು?"

"ಹಳೆಯದು ಗೆರೆ ಮುಟ್ಟುವ ಮೊದಲು ಹೊಸದನ್ನು ತೆಗೆಯುವ ಕ್ರಮ ಇಲ್ಲ," ಎಂದೆ. ಹೇಳುವಾಗಲೇ ಆ ವಾಕ್ಯ ಎಷ್ಟು ಪೊಳ್ಳು ಎಂದು ಕೇಳಿಸಿತು.

"ರೇಷ್ಮೆಯ ಪಟ್ಟೆ ಸೀರೆ ಪೆಟ್ಟಿಗೆಯಲ್ಲಿಟ್ಟು, ಹರಿದದ್ದು ಉಟ್ಟುಕೊಂಡು ಮದುವೆಗೆ ಹೋದ ಹಾಗಾಯ್ತು ನಿಮ್ಮ ಕಥೆ!" ಎಂದು ಅವಳು ನಗಲು ತೊಡಗಿದಳು. ಸೊಪ್ಪಿನ ಬುಟ್ಟಿ ಮಡಿಲಿನಿಂದ ಜಾರಿತು. ನಗು ನಿಲ್ಲಿಸಲು ನೋಡಿ ಮತ್ತೆ ನಕ್ಕಳು. ನಾನೂ ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತು ನಕ್ಕೆ. ಲೇತ್ ಅಂಗಡಿಯಲ್ಲಿ ಅರ್ಧಕ್ಕೆ ನಿಂತಿದ್ದ ನಗು ಪೂರ್ತಿಯಾದದ್ದು ಆಗ.

ಮರುದಿನ ಪೆಟ್ಟಿಗೆ ತೆರೆದೆ. ಕಾಗದ ಬಿಡಿಸಿ ಗ್ರೀಸು ಒರೆಸಿದಾಗ ಡಿಸ್ಕುಗಳು ಬೂದು ಬಣ್ಣದಲ್ಲಿ, ಒಂದು ಚುಕ್ಕೆ ತುಕ್ಕಿಲ್ಲದೆ ಹೊರಬಂದವು. ಬೆರಳಿನಿಂದ ಚಿವುಟಿ ಎಳೆದೆ, ಅಂಚಿನವರೆಗೆ ನುಣುಪಾಗಿ ಜಾರಿತು. ನಾಣ್ಯಗಳನ್ನಿಟ್ಟು ಅಳೆದೆ, ನಾಣ್ಯವಿಲ್ಲದೆಯೂ ಅಳೆದೆ. ಎರಡೂ ಒಂದೇ: ಒಂಬತ್ತೂವರೆ. ವರ್ಷ ವರ್ಷವೂ ಗ್ರೀಸು ಹಚ್ಚಿದ್ದು ವ್ಯರ್ಥವಾಗಲಿಲ್ಲ ಎಂಬ ಸಮಾಧಾನವನ್ನು ನನಗೆ ಬಿಟ್ಟುಕೊಡಲು ಮನಸ್ಸಿಲ್ಲ. ಕಡಲಿನ ಗಾಳಿಯ ಈ ಊರಿನಲ್ಲಿ ಅಷ್ಟು ಕಾಲ ಕಬ್ಬಿಣವನ್ನು ಹೊಸದಾಗಿ ಇಡುವುದು ಸಣ್ಣ ಕೆಲಸವಲ್ಲ. ಇಟ್ಟದ್ದು ಸರಿ, ತೆಗೆಯದೆ ಇದ್ದದ್ದು ತಪ್ಪು.

ಗ್ರೀಸಿನ ಜಿಡ್ಡು ಹೋಗುವವರೆಗೆ ತೊಳೆದು, ಹೊಸ ಪ್ಯಾಡುಗಳೊಂದಿಗೆ ಡಿಸ್ಕು ಕೂರಿಸಿದೆ. ಎರಡು ದಿನ ಹಿಡಿಯಿತು. ನೋಟ್‌ಬುಕ್ಕಿನ ಎಂಟು ಪುಟಗಳಿಗೂ ಕೆಂಪು ಶಾಯಿಯಲ್ಲಿ ಒಂದೊಂದು ಗೆರೆ ಎಳೆದೆ. ಹರಿಯುವುದಾಗಲಿ ಅಳಿಸುವುದಾಗಲಿ ಕೂಡದು, ಹಳೆಯ ಅಂಕಿ ಓದಲು ಸಿಗಬೇಕು. ಪ್ರತಿ ಗೆರೆಯ ಪಕ್ಕದಲ್ಲಿ "ಅಳೆದ ಜಾಗ ತಪ್ಪು" ಎಂದು ಬರೆದು ಸಹಿ ಹಾಕಿದೆ. ನಂತರದ ಪುಟದ ತಲೆಯಲ್ಲಿ ಹೊಸ ಕ್ರಮ ಬರೆದೆ: ನಾಣ್ಯವಿಟ್ಟು ಅಳೆಯುವುದು, ಸುತ್ತ ಎಂಟು ಕಡೆ, ಅಳತೆಗೆ ಮೊದಲು ಎಡ ಸೀಟಿನವರ ಅಭಿಪ್ರಾಯ ಕೇಳುವುದು. ಕೊನೆಯದನ್ನು ಅವಳು ಓದಿ, "ಮೊದಲನೆಯದಾಗಿ ಬರೀರಿ," ಎಂದಳು. ಬಾಣ ಎಳೆದು ಮೇಲಕ್ಕೆ ಒಯ್ದೆ.

ಆಟಿ ಮುಗಿದು ಸೋಣ ತಿಂಗಳು ಹಿಡಿಯಿತು. ಮಳೆ ಬಿಟ್ಟು ಬಿಟ್ಟು ಬರತೊಡಗಿತು. ಹೊಸ ಡಿಸ್ಕು ಮತ್ತು ಪ್ಯಾಡು ಒಂದಕ್ಕೊಂದು ಹೊಂದಿಕೊಳ್ಳಬೇಕಾದರೆ ಮೊದಲು ಹಿತವಾಗಿ ಹಲವು ಸಲ ಬ್ರೇಕು ಹಾಕಿ, ನಡುನಡುವೆ ತಣಿಯಲು ಬಿಡಬೇಕು. ಬೆಳಿಗ್ಗೆ ಆರೂವರೆಗೆ ಕಡಲಿನ ಬದಿಯ ರಸ್ತೆಯಲ್ಲಿ ಹತ್ತು ಸಲ ವೇಗ ತೆಗೆದು ಹತ್ತು ಸಲ ನಿಲ್ಲಿಸಿದೆ. ಮೀನಿನ ಬುಟ್ಟಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೊರಟವರೊಬ್ಬರು ಎರಡು ಸಲ ನನ್ನನ್ನು ದಾಟಿ, ಮೂರನೆಯ ಸಲ ನಿಲ್ಲಿಸಿ, "ಎಂತ, ಪೆಟ್ರೋಲ್ ಮುಗೀತಾ ಸರ್?" ಎಂದು ಕೇಳಿದರು. ಎಡಗಾಲಿನ ಬೂಟನ್ನೂ ಕಾಲುಚೀಲವನ್ನೂ ಬಿಚ್ಚಿ ಸೀಟಿನ ಹಿಂದೆ ಇಟ್ಟಿದ್ದೆ. ಬರಿಗಾಲನ್ನು ನೆಲಕ್ಕೆ ಒತ್ತಿಕೊಂಡೇ ಬ್ರೇಕು ಹಾಕಿದೆ. ಎಂಜಿನ್ನಿನ ಗುಂಯ್‌ಗುಟ್ಟುವಿಕೆ ಇತ್ತು, ರಸ್ತೆಯ ಜಲ್ಲಿ ಇತ್ತು, ಅದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. ನಂತರ ಬುಧವಾರ ಒಬ್ಬನೇ ಹೋಗಿ ಗೇರು ತೋಟದ ಇಳಿಜಾರನ್ನೂ ಇಳಿದು ನೋಡಿದೆ. ಅವಳ ಅಕ್ಕನ ಮನೆಯ ಗೇಟಿನವರೆಗೆ ಹೋಗಿ ಒಳಗೆ ಹೋಗದೆ ತಿರುಗಿಸಿದ್ದಕ್ಕೆ ಆ ಸಂಜೆ ಫೋನಿನಲ್ಲಿ ಬೈಸಿಕೊಂಡೆ.

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಬಾ ಎಂದು ಕರೆಯಬಾರದು ಎಂದು ನಿಶ್ಚಯಿಸಿದ್ದೆ. ಬಸ್ಸು ಎಂಟೂಹತ್ತಕ್ಕೆ. ಅವಳು ಚೀಲ ಹಿಡಿದು ಹೊರಗೆ ಬಂದಳು, ಬಾಗಿಲಿಗೆ ಬೀಗ ಹಾಕಿದಳು, ರಸ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕಾರಿನ ಬಳಿ ಬಂದು ಬಗ್ಗಿ ನನ್ನ ಕಾಲಿನ ಕಡೆ ನೋಡಿದಳು. ಎಡಗಾಲು ಬರಿದಾಗಿತ್ತು.

"ಇನ್ನೊಂದು ಬೂಟು ಎಲ್ಲಿ?"

"ಸೀಟಿನ ಹಿಂದೆ."

"ಒಂದೇ ಬೂಟಿನಲ್ಲಿ ಅಕ್ಕನ ಮನೆಗೆ ಹೋಗ್ತೀರಾ?"

"ಅಲ್ಲಿ ಹಾಕಿಕೊಳ್ಳುತ್ತೇನೆ."

ಅವಳು ಎಡಗಡೆಯ ಬಾಗಿಲು ತೆರೆದು, ಚೀಲ ಮೊದಲು ಇಳಿಸಿ, ಆಮೇಲೆ ತಾನು ಇಳಿದು ಕುಳಿತಳು. ಆ ಕಾರಿಗೆ ಹತ್ತುವುದಲ್ಲ, ಇಳಿಯುವುದೇ. ಚಪ್ಪಲಿ ಬಿಚ್ಚಿದಳು. ಎಂಟೂಹತ್ತರ ಬಸ್ಸು ನಮ್ಮನ್ನು ಹೊಸಂಗಡಿಯ ಬಳಿ ದಾಟಿ ಹೋಯಿತು.

ಹೋಗುವಾಗ ದಾರಿ ಏರು, ಪರೀಕ್ಷೆ ಏನಿಲ್ಲ. ಊಟ ಆಯಿತು, ಅಕ್ಕ ಇನ್ನೊಮ್ಮೆ ಬೈದದ್ದೂ ಆಯಿತು. ಹೊರಡುವಾಗ ಅಕ್ಕ ಒಂದು ಬಾಳೆಲೆಯ ತುಂಬ ಮಲ್ಲಿಗೆ ಮೊಗ್ಗು ಕೊಯ್ದು ಕೊಟ್ಟಳು, ಕಟ್ಟಲು ಒದ್ದೆ ಬಾಳೆನಾರೂ ಇಟ್ಟಳು. ಮನೆಗೆ ಹೋಗಿ ಕಟ್ಟಿಕೋ ಎಂದಳು.

ಗೇರು ತೋಟ ಬಂತು. ಮೂರನೆಯ ಗೇರಿಗೆ ಇಳಿಸಿದೆ. ಮೊದಲ ಸಲ ಬ್ರೇಕು ಮುಟ್ಟಿದೆ. ಅವಳ ಕೈ ಬಾಗಿಲಿನ ಹಿಡಿಯ ಮೇಲಿತ್ತು, ಕಾಲು ನೆಲದ ಮೇಲೆ. ನಾನೂ ಎಡಗಾಲನ್ನು ಒತ್ತಿಕೊಂಡಿದ್ದೆ. ಏನೂ ನಡುಗಲಿಲ್ಲ. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಒತ್ತಿದೆ. ಕಾರು ಮೂತಿ ತಗ್ಗಿಸಿ, ನೇರವಾಗಿ, ಸದ್ದಿಲ್ಲದೆ ನಿಧಾನವಾಯಿತು. ಮೂರನೆಯ ಸಲ, ನಾಲ್ಕನೆಯ ಸಲ. ರಸ್ತೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಆದರೆ ಪಕ್ಕದಲ್ಲಿ ಬಾಳೆಲೆ ಬಿಡಿಸಿದ ಸದ್ದು ಕೇಳಿಸಿತು, ಮಲ್ಲಿಗೆಯ ವಾಸನೆ ಕಾರಿನ ತುಂಬ ಹರಡಿತು.

ತಿರುವು ದಾಟಿ, ಕಿರುಸೇತುವೆಯ ಮೇಲೆ ಹಾದು, ಬಸ್‌ಸ್ಟ್ಯಾಂಡಿನ ಎದುರು ದನವೊಂದು ಅಡ್ಡ ಬಂದದ್ದರಿಂದ ಕಾರನ್ನು ಪೂರ್ತಿ ನಿಲ್ಲಿಸಿದೆ. ಸಿಮೆಂಟಿನ ಬೆಂಚಿನ ಮೇಲೆ ಐದು ಜನ ಇದ್ದರು. ಕಾರು ನೋಡಿ ಒಬ್ಬರು ಕೈ ಎತ್ತಿದರು. ಆಗ ನಾನು ಎಡಕ್ಕೆ ತಿರುಗಿ ನೋಡಿದೆ.

ಬಾಗಿಲಿನ ಹಿಡಿಯ ಮೇಲೆ ಕೈ ಇರಲಿಲ್ಲ. ಅವಳ ಎರಡೂ ಕೈಗಳು ಹೂ ಕಟ್ಟುತ್ತಿದ್ದವು. ಬಾಳೆನಾರಿನ ಒಂದು ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದುಕೊಂಡಿದ್ದಳು. ಆಗಲೇ ಒಂದು ಗೇಣು ಮಾಲೆ ಆಗಿತ್ತು.

"ಕಾಲಿಗೆ ಕಟ್ಟಿದ ಹೂ ದೇವರಿಗೆ ಆಗ್ಲಿಕ್ಕಿಲ್ಲ," ಎಂದೆ.

"ದೇವರಿಗಲ್ಲ, ನನ್ನ ತಲೆಗೆ," ಎಂದಳು, ತುಳುವಿನಲ್ಲಿ, ಕಣ್ಣೆತ್ತದೆ. "ದನ ಹೋಯಿತು, ನೀವು ಹೊರಡಿ."